ಗುಳಿಗೆ ಕೊಡೋರಿದ್ದಾರೆ, ಪ್ರಶ್ನೆ ಕೇಳೋರು ಬೇಕು

ಇವತ್ತು ರಾಜಕೀಯ ಬೇಡ, ರಕ್ತದ ವಿಚಾರ ಮಾತಾಡೋಣ.

ವಿಜಯಪುರದಿಂದ ಬಬಲೇಶ್ವರದ ದಾರಿ ಹಿಡಿದರೆ ಡೋಣಿ ನದಿಯ ದಡದಲ್ಲಿ ಸಾರವಾಡ ಸಿಗುತ್ತೆ. ಎರೆ ಭೂಮಿ, ಬಿಳಿಜೋಳದ ಸೀಮೆ. ಅಲ್ಲಿಂದ ಒಬ್ಬ ಹೆಣ್ಣುಮಗಳು ವಿಜಯಪುರದ ಆಸ್ಪತ್ರೆಗೆ ಬಂದಳು ಅಂತ ಇಟ್ಟುಕೊಳ್ಳಿ. ಮುಖ ಬಿಳಿಚಿದೆ, ಸುಸ್ತು. ಆಕೆ ಕೇಳುವುದು ಒಂದೇ: "ಎಷ್ಟ್ ಗುಳಿಗಿ ನುಂಗಿದ್ರೂ ರಕ್ತ ಏರವಲ್ದಲ್ರೀ ಡಾಕ್ಟರ್ರ, ಯಾಕ್ರೀ?"

ಆ "ಯಾಕ್ರೀ" ಇದೆಯಲ್ಲ, ಅದೇ ಸಂಶೋಧನೆ. ಅದಕ್ಕೆ ಉತ್ತರ ಹುಡುಕುವ ತರಬೇತಿಯನ್ನು ನಮ್ಮ ಯುವ ವೈದ್ಯರಿಗೆ ನಾವು ಕೊಟ್ಟಿದ್ದೀವಾ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಹೆಚ್ಚಿನವರಿಗೆ ಕಬ್ಬಿಣಾಂಶದ ಗುಳಿಗೆ ಸರಿಯಾದ ಮದ್ದು. ನನ್ನ ಮಾತು ಕೇಳಿ ಯಾರೂ ಅದನ್ನ ನಿಲ್ಲಿಸಬೇಡಿ. ಆದರೆ ಕೆಲವರ ಕೊರತೆ ಕಬ್ಬಿಣದ್ದಲ್ಲ, ಅವರು ಥಲಸ್ಸೀಮಿಯಾ ವಾಹಕರು. ಇಬ್ಬರಲ್ಲೂ ಕೆಂಪು ರಕ್ತಕಣ ಸಣ್ಣದಾಗಿಯೇ ಕಾಣುತ್ತೆ. ಇನ್ನೊಂದು ತೊಡಕು ಕೇಳಿ. ವಾಹಕರನ್ನು ಗುರುತಿಸುವುದು ಹಿಮೋಗ್ಲೋಬಿನ್ ಎ2 ಅನ್ನುವ ಅಂಶ ಹೆಚ್ಚಿದೆಯಾ ಅಂತ ನೋಡಿ. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಆ ಅಂಶ ಇಳಿದು, ವಾಹಕತನ ಮರೆಯಾಗಿಬಿಡಬಹುದು.

ಮರೆಯಾದರೆ ಏನಾಯ್ತು ಅಂತೀರಾ? ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹುಟ್ಟುವ ಕೂಸಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಾ ಬದುಕಬೇಕಾದ ಪರಿಸ್ಥಿತಿ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯ ನಾಡಿನಲ್ಲಿ ಇದು ಸಣ್ಣ ವಿಷಯವಾ?

1973ರಲ್ಲಿ ಮೆಂಟ್ಜರ್ ಎಂಬ ವೈದ್ಯರು ಸುಲಭದ ಲೆಕ್ಕ ಹೇಳಿದರು. ಕೆಂಪುಕಣದ ಗಾತ್ರವನ್ನು ಕಣಗಳ ಎಣಿಕೆಯಿಂದ ಭಾಗಿಸಿ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ವಾಹಕತನದ ಅನುಮಾನ, ಹೆಚ್ಚು ಬಂದರೆ ಕಬ್ಬಿಣದ ಕೊರತೆ. ಎರಡೂ ಅಂಕಿ ಸಾಮಾನ್ಯ ರಕ್ತಪರೀಕ್ಷೆಯ ಚೀಟಿಯಲ್ಲೇ ಇರುತ್ತವೆ. ಈ ಲೆಕ್ಕ ಬಬಲೇಶ್ವರ, ತಿಕೋಟಾ ಭಾಗದ ಜನರಲ್ಲಿ ಎಷ್ಟು ನಂಬಿಕೆಗೆ ಅರ್ಹ? ಎಷ್ಟು ಜನರನ್ನ ಸುಮ್ಮನೆ ಹೆದರಿಸುತ್ತೆ, ಎಷ್ಟು ವಾಹಕರನ್ನ ಕೈಬಿಡುತ್ತೆ? ಇದಕ್ಕೆ ಕೋಟಿಗಟ್ಟಲೆ ಯಂತ್ರ ಬೇಡ. ವಿಜಯಪುರದ ಯುವ ರೋಗಶಾಸ್ತ್ರಜ್ಞೆಯೊಬ್ಬಳು ಮಾಡಬಹುದಾದ ಕೆಲಸ.

ಆದರೆ ಎಷ್ಟು ಜನರ ರಕ್ತ ಪರೀಕ್ಷಿಸಬೇಕು? ನೈತಿಕ ಸಮಿತಿಗೆ ಅರ್ಜಿ ಹೇಗೆ ಬರೆಯಬೇಕು? ಓದಲು ಬಾರದ ತಾಯಿಯಿಂದ ಒಪ್ಪಿಗೆ ಹೇಗೆ ಪಡೆಯಬೇಕು? ಹಣ ಯಾರ ಹತ್ತಿರ ಕೇಳಬೇಕು? ಎಂಡಿ ಪದವಿಗೆ ಪ್ರಬಂಧ ಬರೆದಿರುತ್ತಾರೆ, ನಿಜ. ಬಹಳ ಸಲ ಅದು ಪದವಿ ಮುಗಿದ ದಿನವೇ ಕಪಾಟು ಸೇರುತ್ತೆ. ಆಮೇಲೆ ಕೈ ಹಿಡಿದು ನಡೆಸುವವರು ಯಾರು?

ಅಮೆರಿಕದ ರಕ್ತವಿಜ್ಞಾನ ಸಂಘ ಇದನ್ನ 2003ರಲ್ಲೇ ಯೋಚಿಸಿತು. ವರ್ಷಕ್ಕೆ ಸುಮಾರು 20 ಯುವ ವೈದ್ಯರನ್ನು ಆರಿಸುತ್ತಾರೆ. ಒಂದು ವಾರ ಹಿರಿಯರ ಜೊತೆ ಕೂರಿಸಿ, ಅವರವರ ಸಂಶೋಧನಾ ಯೋಜನೆಯನ್ನ ಬಿಚ್ಚಿ, ತಪ್ಪು ತೋರಿಸಿ, ಮತ್ತೆ ಕಟ್ಟಿಸುತ್ತಾರೆ. ಅಲ್ಲಿಗೆ ಮುಗಿಯೋದಿಲ್ಲ. ಇಡೀ ವರ್ಷ ಮಾರ್ಗದರ್ಶಕರು ಬೆನ್ನ ಹಿಂದೆ ಇರುತ್ತಾರೆ. ನಮ್ಮಲ್ಲೂ ಏನೂ ಇಲ್ಲ ಅಂತಲ್ಲ. ಐಸಿಎಂಆರ್ 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಅಲ್ಪಾವಧಿ ಸಂಶೋಧನೆಗೆ ವಿದ್ಯಾರ್ಥಿವೇತನ ಕೊಡುತ್ತಿದೆ. ಇಂಡಿಯಾ ಅಲಯನ್ಸ್ ಸಂಸ್ಥೆ ವೈದ್ಯ-ವಿಜ್ಞಾನಿಗಳಿಗೆ ಕಾರ್ಯಾಗಾರ ನಡೆಸುತ್ತೆ. ಆದರೆ ಅದು ಜಿಲ್ಲಾ ಕೇಂದ್ರದ ಬಾಗಿಲಿಗೆ ಬರಬೇಕಲ್ಲ?

ನಾನೂ ಎಷ್ಟೋ ಕಾರ್ಯಾಗಾರಗಳ ವೇದಿಕೆ ಹತ್ತಿದ್ದೀನಿ. ದೀಪ ಬೆಳಗಿಸೋದು, ಶಾಲು ಹೊದಿಸೋದು, ಗುಂಪಿನ ಫೋಟೋ, ಊಟ, ಪ್ರಮಾಣಪತ್ರ. ಮರುದಿನ ಆ ಹುಡುಗಿ ಮತ್ತೆ ಒಂಟಿ. ಹೊರರೋಗಿಗಳ ಸಾಲು ಉದ್ದ, ಬಡ್ತಿಗೆ ಪೇಪರ್ ಬೇಕು, ಕೇಳೋಣ ಅಂದರೆ ಗುರು ಇಲ್ಲ. ಏನು ಮಾಡ್ತಾಳೆ? ಸುಲಭವಾಗಿ ಅಚ್ಚಾಗುವ ಏನನ್ನೋ ಬರೆದು ಕೈ ತೊಳೆದುಕೊಳ್ಳುತ್ತಾಳೆ. ತಪ್ಪು ಅವಳದಾ?

ಪ್ರಶ್ನೆ ಕೇಳುವವರು ಕಡಿಮೆಯಾದರೆ ಏನಾಗುತ್ತೆ ನೋಡಿ. ನಮ್ಮ ಗಡಿಗೆ ಅಂಟಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡಗೋಲು ಕಣದ ರಕ್ತದೋಷವನ್ನು ಲೆಹ್ಮನ್ ಮತ್ತು ಕಟ್‌ಬುಷ್ ವರದಿ ಮಾಡಿದ್ದು 1952ರಲ್ಲಿ. ಆ ರೋಗದ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಶುರುವಾಗಿದ್ದು 2023ರ ಜುಲೈ 1ರಂದು. ನಡುವೆ 71 ವರ್ಷ! ಆಗ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡರು, ಒಳ್ಳೆಯದೇ. ಆ ತಪಾಸಣೆಯ ಅಂಕಿಗಳನ್ನು ಓದಿ ಅರ್ಥ ಹೇಳೋರು ಯಾರು? ಅವರೇ ಈ ಯುವಕ ಯುವತಿಯರು.

ವಿಜಯಪುರಕ್ಕೆ ಸಂಶೋಧನೆ ಹೊಸದಲ್ಲ. ಇದೇ ಊರಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ ವಚನಗಳನ್ನು ಉಳಿಸಿದರು. ಅವರು ಕಟ್ಟಲು ದುಡಿದ ಬಿಎಲ್‌ಡಿಇ ಸಂಸ್ಥೆಯದೇ ವೈದ್ಯಕೀಯ ಕಾಲೇಜು 1986ರಿಂದ ಇಲ್ಲಿದೆ. ಹಳಕಟ್ಟಿಯವರಷ್ಟು ಹಟ ಎಲ್ಲರಿಗೂ ಇರೋದಿಲ್ಲ. ಅದಕ್ಕೇ ವ್ಯವಸ್ಥೆ ಬೇಕು ಅನ್ನೋದು.

ನಾನು ಕೇಳೋದು ನಾಲ್ಕೇ. ಎರಡು ದಿನದ ಕಾರ್ಯಾಗಾರದ ಬೆನ್ನಿಗೆ ಒಂದು ವರ್ಷದ ಗುರು. ವಾರದಲ್ಲಿ ಒಂದು ದಿನ ಸಂಶೋಧನೆಗೇ ಮೀಸಲು. ಮೊದಲ ಅಧ್ಯಯನಕ್ಕೆ ಸಣ್ಣ ಮೊತ್ತದ ಹಣ. ನಾಲ್ಕನೆಯದು, ಯಾರ ರಕ್ತ ತೆಗೆದುಕೊಂಡಿರೋ ಅವರ ಊರಿಗೆ ಹೋಗಿ, ಅವರ ಮಾತಿನಲ್ಲೇ ಫಲಿತಾಂಶ ಹೇಳಬೇಕು.

ಕಾರ್ಯಾಗಾರ ಎಷ್ಟು ನಡೆದವು ಅಂತ ಲೆಕ್ಕ ಕೊಡಬೇಡಿ ಸ್ವಾಮಿ. ಅಲ್ಲಿಂದ ಎದ್ದು ಹೋದವರಲ್ಲಿ ಎಷ್ಟು ಮಂದಿ ಐದು ವರ್ಷದ ಮೇಲೂ ಪ್ರಶ್ನೆ ಕೇಳುತ್ತಿದ್ದಾರೆ, ಆ ಲೆಕ್ಕ ಕೊಡಿ.