ವಿದ್ಯಾಪೀಠಗಳ ಪಾಠಕ್ರಮವೂ ವಿದ್ಯಾರ್ಥಿಪ್ರತಿನಿಧಿಗಳೂ



ಪಾಠ ಹೇಳುವವನು ಗುರು, ಕೇಳುವವನು ಶಿಷ್ಯ; ಏನನ್ನು ಹೇಳಬೇಕು, ಎಷ್ಟನ್ನು ಹೇಳಬೇಕು ಎಂಬುದನ್ನು ಗುರುವೇ ಬಲ್ಲನೆಂಬುದು ಈ ನಾಡಿನ ಪಾಠಶಾಲೆಗಳ ರೂಢಿ. ಹೀಗಿರಲು, ಪಾಠಕ್ರಮವನ್ನು ಗೊತ್ತುಪಡಿಸುವ ಸಭೆಯಲ್ಲಿ ವಿದ್ಯಾರ್ಥಿಯೂ ಕುಳಿತು ಮಾತನಾಡುವನೆಂದರೆ ಹಿರಿಯರ ಕಿವಿಗೆ ಅದು ಉದ್ಧಟತನವಾಗಿ ಕೇಳುವುದು ಸಹಜವೇ. ಆದರೆ ಯುರೋಪು ಖಂಡದ ಅತಿ ಪುರಾತನವಾದ ವಿಶ್ವವಿದ್ಯಾನಿಲಯವೇ ವಿದ್ಯಾರ್ಥಿಗಳ ಕೂಟದಿಂದ ರೂಪುಗೊಂಡಿತೆಂಬುದನ್ನು ತಿಳಿದವರು ಈ ವಿಷಯದಲ್ಲಿ ಅವಸರದ ತೀರ್ಪನ್ನು ಕೊಡಲಾರರು. ಭಕ್ತರ ಮಕ್ಕಳು ಅನೇಕರು ಇಂದು ದೊಡ್ಡ ವಿದ್ಯಾಲಯಗಳಲ್ಲಿ ಓದುತ್ತಿರುವುದರಿಂದ ಈ ವೃತ್ತಾಂತವು ತಂದೆತಾಯಿಗಳೂ ಕೇಳತಕ್ಕುದಾಗಿದೆ.

ಇಟಲಿಯ ಬೊಲೊನ್ಯಾ ನಗರದ ವಿಶ್ವವಿದ್ಯಾನಿಲಯವು ತನ್ನ ಹುಟ್ಟಿನ ವರ್ಷವನ್ನು 1088 ಎಂದು ಎಣಿಸುತ್ತದೆ. ರೋಮನರ ನ್ಯಾಯಶಾಸ್ತ್ರವನ್ನು ಕಲಿಯಲು ದೂರದೂರದ ದೇಶಗಳಿಂದ ಜನರು ಅಲ್ಲಿಗೆ ಬರುತ್ತಿದ್ದರು. ಇವರು ಎಳೆಯ ಬಾಲಕರಲ್ಲ. ವಯಸ್ಸು ಬಂದವರು, ಕೆಲವರು ಆಗಲೇ ಚರ್ಚಿನ ಅಧಿಕಾರದಲ್ಲಿದ್ದವರು. ಆದರೂ ಪರದೇಶಿಗಳಾದುದರಿಂದ ಪಟ್ಟಣದ ಪೌರರಿಗಿದ್ದ ಹಕ್ಕುಗಳು ಇವರಿಗಿರಲಿಲ್ಲ. 1158ರಲ್ಲಿ ಚಕ್ರವರ್ತಿ ಒಂದನೆಯ ಫ್ರೆಡರಿಕನು ವಿದ್ಯೆಗಾಗಿ ಪ್ರವಾಸ ಮಾಡುವವರಿಗೆ ಅಭಯಶಾಸನವನ್ನಿತ್ತನು. ಶಾಸನವು ದಾರಿಯಲ್ಲಿ ಕಾಯಬಹುದು. ದಿನನಿತ್ಯದ ಮನೆಬಾಡಿಗೆಯ ತಂಟೆಯನ್ನು ಅದು ತೀರಿಸೀತೇ? ಆದಕಾರಣ ಆ ವಿದ್ಯಾರ್ಥಿಗಳು ತಮ್ಮೊಳಗೆ ಸಂಘಗಳನ್ನು ಕಟ್ಟಿಕೊಂಡರು. ಆಲ್ಪ್ಸ್ ಪರ್ವತದ ಈಚೆಯವರದೊಂದು, ಆಚೆಯವರದೊಂದು. ಇಂಥ ಸಂಘಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಊನಿವೆರ್ಸಿತಾಸ್' ಎಂಬ ಹೆಸರು. ಇಂದು ಕಟ್ಟಡಗಳಿಗೂ ಪದವಿಗಳಿಗೂ ಅನ್ವಯಿಸುವ 'ಯೂನಿವರ್ಸಿಟಿ' ಎಂಬ ಶಬ್ದದ ಮೂಲವಿದೇ. ಸಂಘದ ಅಧಿಪತಿಯಾದ ರೆಕ್ಟರನೂ ವಿದ್ಯಾರ್ಥಿಯೇ.

ಈ ಸಂಘಗಳು ಪಂಡಿತರಿಗೆ ವಿಧಿಸಿದ ಕಟ್ಟಳೆಗಳನ್ನು ಕೇಳಿದರೆ ಆಶ್ಚರ್ಯವಾಗುವುದು. 14ನೆಯ ಶತಮಾನದಲ್ಲಿ ಬರೆದಿಟ್ಟ ಅವರ ನಿಬಂಧನೆಗಳು ಉಳಿದು ಬಂದಿವೆ. ಅಧ್ಯಾಪಕನು ರೆಕ್ಟರನಿಗೆ ವಿಧೇಯನಾಗಿರುವೆನೆಂದು ಪ್ರಮಾಣ ಮಾಡಬೇಕು. ಗಂಟೆ ಹೊಡೆದೊಡನೆ ಪಾಠ ಆರಂಭವಾಗಬೇಕು, ಮುಂದಿನ ಗಂಟೆಗೆ ಮುಗಿಯಬೇಕು. ಅಪ್ಪಣೆಯಿಲ್ಲದೆ ಪಾಠ ತಪ್ಪಿಸಿದರೆ ದಂಡ. ಐವರಿಗಿಂತ ಕಡಿಮೆ ಶ್ರೋತೃಗಳು ಬಂದರೆ ಅಂದು ಪಾಠವೇ ಆಗಲಿಲ್ಲವೆಂದು ಎಣಿಸಿ, ಅದಕ್ಕೂ ದಂಡ! ಇವೆಲ್ಲಕ್ಕಿಂತ ವಿಚಾರಾರ್ಹವಾದುದು ಗ್ರಂಥವಿಭಾಗದ ಕಟ್ಟಳೆ. ಶಾಸ್ತ್ರಗ್ರಂಥವನ್ನು 'ಪುಂಕ್ತ'ಗಳೆಂಬ ಭಾಗಗಳಾಗಿ ವಿಂಗಡಿಸಿ, ಇಂತಿಂಥ ಭಾಗವು ಇಂತಿಂಥ ದಿನಕ್ಕೆ ಮುಗಿಯತಕ್ಕುದೆಂದು ಗೊತ್ತುಮಾಡಿದ್ದರು. ಕಠಿಣವಾದ ಸ್ಥಳವನ್ನು ಮುಂದಕ್ಕೆ ತಳ್ಳಿ ಕೊನೆಗೆ ಬಿಟ್ಟೇ ಬಿಡುವ ಚಾತುರ್ಯಕ್ಕೆ ಅಲ್ಲಿ ಎಡೆಯಿರಲಿಲ್ಲ.

ಸಂಸ್ಕೃತ ಪಾಠಶಾಲೆಗಳಲ್ಲಿ ಕಲಿತವರಿಗೆ ಈ ಕಟ್ಟಳೆಯ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿದ್ಧಾಂತಕೌಮುದಿಯ ಸಂಜ್ಞಾ-ಸಂಧಿ ಪ್ರಕರಣಗಳಲ್ಲಿ ಶಂಕೆ-ಸಮಾಧಾನಗಳ ಮಳೆಗರೆದು, ಉತ್ತರಾರ್ಧದ ತಿಙಂತವನ್ನು ಮುಟ್ಟುವಷ್ಟರಲ್ಲಿ ಶಿಷ್ಯನು ಊರಿಗೆ ಹೊರಟುಹೋದ ಉದಾಹರಣೆಗಳು ಎಷ್ಟಿಲ್ಲ! ಗುರುವಿನ ಪಾಂಡಿತ್ಯಕ್ಕೆ ಕೊರತೆಯಿಲ್ಲ; ಶಿಷ್ಯನ ಕೈಗೆ ಬಂದುದು ಮಾತ್ರ ಅರ್ಧಗ್ರಂಥ. ಅದನ್ನು ಬಲ್ಲವನು ಶಿಷ್ಯನೊಬ್ಬನೇ, ಹೇಳಿಕೊಳ್ಳಲು ಅವನಿಗೆ ಸ್ಥಳವಿಲ್ಲ.

ಹೀಗೆಂದು ಬೊಲೊನ್ಯಾದವರ ಕ್ರಮವನ್ನೆಲ್ಲ ಹೊಗಳಲಾಗದು. ಅಧ್ಯಾಪಕರ ತಪ್ಪುಗಳನ್ನು ರೆಕ್ಟರನಿಗೆ ತಿಳಿಸಲು ವಿದ್ಯಾರ್ಥಿಗಳಲ್ಲೇ ಗುಪ್ತವಾಗಿ ಕೆಲವರನ್ನು ನೇಮಿಸುತ್ತಿದ್ದರು. ಗುರುವಿನ ಮೇಲೆ ಗೂಢಚಾರರನ್ನಿಡುವುದು ಹೇಯವಾದ ಕಾರ್ಯ. ಅಂಥಲ್ಲಿ ಪಾಠವು ನಿಗದಿಯಂತೆ ಮುಗಿದೀತು, ವಿದ್ಯೆಯು ಪ್ರೀತಿಯಿಂದ ಹರಿಯಲಾರದು. ಮೇಲಾಗಿ ಈ ಬಲವು ಹಣದಿಂದ ಬಂದದ್ದು. ಅಧ್ಯಾಪಕರ ಜೀವನವು ವಿದ್ಯಾರ್ಥಿಗಳು ಕೂಡಿಸಿ ಕೊಡುವ ಸಂಭಾವನೆಯ ಮೇಲೆ ನಿಂತಿತ್ತು. ಪಟ್ಟಣದವರೊಡನೆ ಮನಸ್ತಾಪವಾದರೆ ವಿದ್ಯಾರ್ಥಿಗಳು ಊರನ್ನೇ ಬಿಟ್ಟು ಹೊರಡುತ್ತಿದ್ದರು. 1222ರಲ್ಲಿ ಹಾಗೆ ಹೊರಟವರಿಂದಲೇ ಪಾದುವಾದ ವಿದ್ಯಾಪೀಠವು ಆರಂಭವಾಯಿತು. 13ನೆಯ ಶತಮಾನದ ಕೊನೆಗೆ ನಗರಸಭೆಯವರು ಅಧ್ಯಾಪಕರಿಗೆ ವೇತನ ಕೊಡತೊಡಗಲು, ಅಧಿಕಾರವೂ ಮೆಲ್ಲಮೆಲ್ಲನೆ ವೇತನದ ಬೆನ್ನು ಹತ್ತಿ ಹೋಯಿತು. ಪರೀಕ್ಷೆ ಮಾಡಿ ಪದವಿ ಕೊಡುವ ಹಕ್ಕನ್ನು ಮಾತ್ರ ಪಂಡಿತರು ಎಂದೂ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟಿರಲಿಲ್ಲ. ಅದು ಯೋಗ್ಯವೇ ಆಗಿತ್ತು.

ಮುಂದಿನ ಕಾಲದಲ್ಲಿ ಆಳುವ ಮಾತು ಹೋಗಿ ಪ್ರತಿನಿಧಿಯ ಮಾತು ಬಂದಿತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1884ರಲ್ಲಿ ವಿದ್ಯಾರ್ಥಿಪ್ರತಿನಿಧಿಗಳ ಮಂಡಲಿಯು ಹುಟ್ಟಿತು; 1889ರ ಶಾಸನವು ಇಂಥ ಮಂಡಲಿಗಳಿಗೆ ಕಾನೂನಿನ ಮನ್ನಣೆಯನ್ನಿತ್ತಿತು. ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ಮಾತ್ರ ಈ ಕಾರ್ಯವು ಶಾಂತವಾಗಿ ನಡೆಯಲಿಲ್ಲ. ಅಲ್ಲಿಯ ಕೋರ್ದೊಬಾ ವಿದ್ಯಾಪೀಠದಲ್ಲಿ ಹಳೆಯ ಬೋಧನಾಕ್ರಮಕ್ಕೂ ಕೆಲವರ ಕೈಯಲ್ಲೇ ಉಳಿದಿದ್ದ ಪೀಠಗಳಿಗೂ ಬೇಸತ್ತ ವಿದ್ಯಾರ್ಥಿಗಳು 1918ರಲ್ಲಿ ಪಾಠಗಳನ್ನು ಬಹಿಷ್ಕರಿಸಿ, ಜೂನ್ 21ರಂದು ತಮ್ಮ ಪ್ರಕಟನೆಯನ್ನು ಹೊರಡಿಸಿದರು. ಆಡಳಿತದಲ್ಲಿ ವಿದ್ಯಾರ್ಥಿಗಳಿಗೂ ಪಾಲಿರಬೇಕು, ಅಧ್ಯಾಪಕಪೀಠವು ಬಹಿರಂಗ ಸ್ಪರ್ಧೆಯಿಂದ ದೊರೆಯಬೇಕು ಎಂಬ ಅವರ ಬೇಡಿಕೆಗಳು ಆ ಖಂಡದ ಅನೇಕ ದೇಶಗಳಿಗೆ ಹಬ್ಬಿದವು.

ಬ್ರಿಟನ್ ಮೊದಲಾದ ಕಡೆಗಳಲ್ಲಿ ಈಗಿನ ಕ್ರಮವು ಇಷ್ಟು ರಭಸದ್ದಲ್ಲ. ತರಗತಿಯೊಂದಕ್ಕೆ ಒಬ್ಬರು ಇಬ್ಬರು ಪ್ರತಿನಿಧಿಗಳು. ಅವರು ಸಹಪಾಠಿಗಳ ಮಾತನ್ನು ಕೂಡಿಸಿಕೊಂಡು ವಿಭಾಗದ ಅಧ್ಯಾಪಕರೊಡನೆ ಸಭೆಯಲ್ಲಿ ಕೂಡುತ್ತಾರೆ. ಗ್ರಂಥಾಲಯದಲ್ಲಿ ಪಠ್ಯದ ಪ್ರತಿಗಳು ಸಾಲವು. ಮೂರು ಪ್ರಬಂಧಗಳು ಒಂದೇ ವಾರಕ್ಕೆ ಬಿದ್ದಿವೆ. ಮೊದಲ ವರ್ಷ ಕಲಿಸದ ಗಣಿತವನ್ನು ಎರಡನೆಯ ವರ್ಷದಲ್ಲಿ ಬಲ್ಲರೆಂದೇ ಭಾವಿಸಿದ್ದಾರೆ. ಇಂಥವೇ ಅಲ್ಲಿಯ ಮಾತುಗಳು. ಕೊನೆಯದನ್ನು ನೋಡಿರಿ. ಒಬ್ಬೊಬ್ಬ ಅಧ್ಯಾಪಕನು ತನ್ನ ಪಾಠವನ್ನು ಮಾತ್ರ ಬಲ್ಲನು. ಎಲ್ಲರ ಪಾಠಗಳನ್ನೂ ಸಾಲಾಗಿ ಕೇಳಿದವನು ವಿದ್ಯಾರ್ಥಿಯೊಬ್ಬನೇ. ಎರಡು ಪಾಠಗಳ ನಡುವಣ ಕಂದರವು ಅವನ ಕಾಲಿಗೇ ಸಿಕ್ಕುವುದು. ತನ್ನೊಬ್ಬನ ಮುನಿಸನ್ನು ಎಲ್ಲರ ದೂರೆಂದು ಹೇಳುವ ಪ್ರತಿನಿಧಿಯು ಮಾತ್ರ ಒಂದೆರಡು ಸಭೆಗಳಲ್ಲೇ ಬೆಲೆ ಕಳೆದುಕೊಳ್ಳುವನು.

ಭಾರತದಲ್ಲಿ, ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು 2017ರ ಪರಿಷ್ಕೃತ ಕ್ರಮದಲ್ಲಿ ವಿದ್ಯಾರ್ಥಿಗಳ ಸಂತೃಪ್ತಿಯನ್ನು ಪ್ರಶ್ನಾವಳಿಯಿಂದ ಕೇಳಿ ತಿಳಿಯುವ ಏರ್ಪಾಡನ್ನು ಸೇರಿಸಿತು. ಒಳ್ಳೆಯದೇ. ಆದರೆ ಪ್ರಶ್ನೆಗೆ ಗುರುತು ಹಾಕುವುದು ಬೇರೆ, ಎದುರು ಕುಳಿತು ಕಾರಣ ಹೇಳಿ ಉತ್ತರ ಪಡೆಯುವುದು ಬೇರೆ. ಯುರೋಪಿನ ದೇಶಗಳು 2005ರಲ್ಲಿ ಬೆರ್ಗೆನ್ ನಗರದಲ್ಲಿ ಒಪ್ಪಿದ ನಿಯಮಗಳು ವಿದ್ಯಾಲಯಗಳ ಗುಣಪರೀಕ್ಷೆಯಲ್ಲಿ ವಿದ್ಯಾರ್ಥಿಗಳೂ ಭಾಗಿಗಳಾಗಬೇಕೆನ್ನುತ್ತವೆ. ಆ ಒಕ್ಕೂಟದ ಕಾರ್ಯಕ್ಕೆ ಬೊಲೊನ್ಯಾದ ಹೆಸರೇ ಇರುವುದು ಸೋಜಿಗ.

ಇದರಲ್ಲಿ ಒಂದು ತೊಡಕುಂಟು. ಪಾಠಕ್ರಮವು ತಿದ್ದಿ ಜಾರಿಗೆ ಬರುವಷ್ಟರಲ್ಲಿ, ಅದನ್ನು ಕೇಳಿದ ವಿದ್ಯಾರ್ಥಿಯು ಬಹುಶಃ ಪದವಿ ಪಡೆದು ಹೊರಟುಹೋಗಿರುತ್ತಾನೆ. ಆದುದರಿಂದ ಪ್ರತಿನಿಧಿಯು ಹೊರಡುವ ಮೊದಲು, ಏನು ಕೇಳಲಾಯಿತು, ಅಧ್ಯಾಪಕರು ಏನು ಉತ್ತರವಿತ್ತರು, ಯಾವುದು ಇನ್ನೂ ಉಳಿದಿದೆ ಎಂಬುದನ್ನು ಬರೆದು ಮುಂದಿನ ವರ್ಷದವನ ಕೈಗೆ ಒಪ್ಪಿಸಬೇಕಾಗುವುದು.