ಫೋನ್ ಕೊಳ್ಳುವ ಮೊದಲು ಲೆಕ್ಕ ಹಾಕೋಣ

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಓಣಂ, ದೀಪಾವಳಿ ಹತ್ತಿರ ಬಂದಂತೆ ನಮ್ಮ ಲೈನ್ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಈ ವರ್ಷ ಬೋನಸ್ ಎಷ್ಟು ಎಂಬುದು ಒಂದು. ಆ ಹಣದಲ್ಲಿ ಯಾವ ಫೋನ್ ಎಂಬುದು ಇನ್ನೊಂದು. ಬೋನಸ್ಸಿನ ವಿಷಯವನ್ನು ನಾವು ಯೂನಿಯನ್ ಸಭೆಯಲ್ಲಿ ಕುಳಿತು ಚರ್ಚಿಸುತ್ತೇವೆ. ಫೋನಿನ ವಿಷಯವನ್ನು ಮಾತ್ರ ಅಂಗಡಿಯವನ ಬಾಯಿಂದಲೇ ಕೇಳುತ್ತೇವೆ. ಅವನು ಮಾರುವವನು, ನಾವು ದುಡಿದ ಹಣ ಕೊಟ್ಟು ಕೊಳ್ಳುವವರು. ಆದ್ದರಿಂದ ಇಂದು ಈ ಮಾತನ್ನೂ ನಮ್ಮ ಸಭೆಗೆ ತಂದಿದ್ದೇವೆ.

ಗೋಪುರ ಕಟ್ಟಲು ಹೊರಟು, ಅಡಿಪಾಯ ಹಾಕಿ, ಮುಗಿಸಲಾಗದೆ ನಗೆಗೀಡಾದವನ ಮಾತು ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಅದು ಶಿಷ್ಯತ್ವದ ಕುರಿತು ಸ್ವಾಮಿ ಹೇಳಿದ ಮಾತು. ಆದರೂ ಮನೆವಾರ್ತೆ ನಡೆಸುವವರಿಗೂ ಅದರಲ್ಲಿ ಪಾಠವಿದೆ.

ಆಪರೇಟಿಂಗ್ ಸಿಸ್ಟಮ್ ಎಂಬ ಮಾತಿಗೆ ಹೆದರಬೇಕಾಗಿಲ್ಲ. ಚಹಾ ಫ್ಯಾಕ್ಟರಿಯಲ್ಲಿ ಎಷ್ಟೇ ಯಂತ್ರಗಳಿದ್ದರೂ ಯಾವುದು ಯಾವಾಗ ಓಡಬೇಕು, ಬಾಗಿಲೊಳಗೆ ಯಾರು ಬರಬೇಕು ಎಂದು ನೋಡಿಕೊಳ್ಳುವ ಮೇಲ್ವಿಚಾರಕನಿಲ್ಲದಿದ್ದರೆ ಎಲೆ ಚಹಾ ಆಗುವುದಿಲ್ಲ. ಫೋನಿನೊಳಗೆ ಆ ಕೆಲಸ ಮಾಡುವುದೇ ಈ ವ್ಯವಸ್ಥೆ. ಕ್ಯಾಮರಾ, ಮೈಕು, ಹೆಸರು-ನಂಬರುಗಳ ಪಟ್ಟಿ, ಬ್ಯಾಂಕಿನ ಆ್ಯಪ್ ಎಲ್ಲವೂ ಅದರ ಅಪ್ಪಣೆಯಂತೆ ನಡೆಯುತ್ತವೆ.

ಇಂದು ಮಾರುಕಟ್ಟೆಯಲ್ಲಿ ಎದುರುಬದುರು ನಿಂತಿರುವುದು ಎರಡು. ಆ್ಯಪಲ್ ಕಂಪನಿ 2007ರಲ್ಲಿ ಐಫೋನ್ ತಂದಿತು. ಅದರ ವ್ಯವಸ್ಥೆಗೆ ಐಓಎಸ್ ಎಂದು ಹೆಸರು. ಅದು ಆ್ಯಪಲ್ ಫೋನಿನಲ್ಲಿ ಬಿಟ್ಟು ಬೇರೆಲ್ಲೂ ಸಿಗದು. ಗೂಗಲ್ ಕಂಪನಿ 2005ರಲ್ಲಿ ಕೊಂಡುಕೊಂಡ ಆ್ಯಂಡ್ರಾಯ್ಡ್ 2008ರಲ್ಲಿ ಫೋನಿನೊಳಗೆ ಬಂತು. ಅದನ್ನು ಸ್ಯಾಮ್ಸಂಗ್, ಶಿಯೋಮಿ, ವಿವೋ ಮುಂತಾದ ಹಲವರು ಬಳಸುತ್ತಾರೆ. ಹೀಗಾಗಿ ಆ್ಯಂಡ್ರಾಯ್ಡ್ ಫೋನ್ ಏಳೆಂಟು ಸಾವಿರಕ್ಕೂ ಸಿಗುತ್ತದೆ, ಲಕ್ಷಕ್ಕೂ ಸಿಗುತ್ತದೆ. ನಮ್ಮ ದೇಶದ ನೂರು ಸ್ಮಾರ್ಟ್ ಫೋನುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಆ್ಯಂಡ್ರಾಯ್ಡೇ.

ಮೊದಲು ಭಾಷೆಯನ್ನು ನೋಡೋಣ. ನಮ್ಮ ಮನೆಮಾತು ಕನ್ನಡ. ಕೆಲಸದಲ್ಲಿ ತಮಿಳು ಅಥವಾ ಮಲಯಾಳ. ಮಕ್ಕಳ ಶಾಲೆಯಲ್ಲಿ ಇಂಗ್ಲಿಷೂ ಸೇರುತ್ತದೆ. ಆ್ಯಂಡ್ರಾಯ್ಡ್ ತನ್ನ ಐದನೆಯ ಆವೃತ್ತಿಯಲ್ಲಿ, 2014ರಲ್ಲಿಯೇ, ಫೋನಿನ ಪೂರ್ತಿ ಮುಖವನ್ನು ಕನ್ನಡದಲ್ಲಿ ತೋರಿಸಲಾರಂಭಿಸಿತು. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯವನ್ನು ಕೊಟ್ಟಿತು. ಅಕ್ಷರ ಬಾರದ ತಾಯಂದಿರಿಗೆ ಇದು ದೊಡ್ಡ ಉಪಕಾರ. ಐಫೋನಿನ ಪೂರ್ತಿ ಮುಖ ಕನ್ನಡಕ್ಕೆ ತಿರುಗಿದ್ದು 2025ರಲ್ಲಿ, 18.4ನೆಯ ಆವೃತ್ತಿಯಿಂದ. ಒಂದೊಂದು ಆ್ಯಪನ್ನು ಒಂದೊಂದು ಭಾಷೆಯಲ್ಲಿ ಇಟ್ಟುಕೊಳ್ಳುವ ಅನುಕೂಲವನ್ನು ಮಾತ್ರ ಐಫೋನ್ 2019ರಲ್ಲಿ ಮೊದಲು ಕೊಟ್ಟಿತು, ಆ್ಯಂಡ್ರಾಯ್ಡ್ 2022ರಲ್ಲಿ ಕೊಟ್ಟಿತು. ಪಂಚಾಶತ್ತಮ ಹಬ್ಬದ ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ಮಾತಿನಲ್ಲಿ ದೇವರ ಕಾರ್ಯವನ್ನು ಕೇಳಿದರೆಂದು ನಾವು ಬೋಧಿಸುತ್ತೇವೆ. ತಾಯಿ ತನ್ನ ಪಿ.ಎಫ್. ಲೆಕ್ಕವನ್ನು ತನ್ನ ಮಾತಿನಲ್ಲಿ ಕೇಳಿ ತಿಳಿಯುವುದೂ ಸಣ್ಣ ಮಾತಲ್ಲ.

ಎರಡನೆಯದು ಆಯುಷ್ಯ. ಇದನ್ನು ಅಂಗಡಿಯವನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಫೋನಿನ ಗಾಜು ಒಡೆದರೆ ಕಣ್ಣಿಗೆ ಕಾಣುತ್ತದೆ, ವ್ಯವಸ್ಥೆ ಸತ್ತರೆ ಕಾಣುವುದಿಲ್ಲ. 2017ರಲ್ಲಿ 1500 ರೂಪಾಯಿ ಠೇವಣಿಗೆ ಜಿಯೋ ಫೋನ್ ಬಂದಾಗ ಅದರೊಳಗಿದ್ದದ್ದು ಕೈಓಎಸ್ ಎಂಬ ಮೂರನೆಯ ವ್ಯವಸ್ಥೆ. 2018ರಲ್ಲಿ ಅದಕ್ಕೆ ವಾಟ್ಸಾಪ್ ಬಂತು. 2024ರ ಜೂನಿನಿಂದ ಹೊಸಬರಿಗೆ ವಾಟ್ಸಾಪ್ ಕೊಡುವುದು ನಿಂತಿತು, ಹಳಬರಿಗೂ 2025ರ ಆರಂಭದವರೆಗೆ ಮಾತ್ರ ಎಂದರು. ಅದಕ್ಕೂ ಮುಂಚೆ ಮೈಕ್ರೋಸಾಫ್ಟಿನ ವಿಂಡೋಸ್ ಫೋನಿಗೆ 2019ರ ಕೊನೆಗೆ ಇದೇ ಗತಿಯಾಯಿತು. ಫೋನಿನ ಮೈ ಗಟ್ಟಿಯಾಗಿದ್ದರೂ ಒಳಗಿನ ಮೇಲ್ವಿಚಾರಕ ಕೆಲಸ ಬಿಟ್ಟ ಹಾಗೆ.

ಕಳ್ಳರು ಕಂಡುಹಿಡಿದ ಬಿರುಕುಗಳನ್ನು ಮುಚ್ಚಲು ಕಂಪನಿ ಕಳಿಸುವ ತಿದ್ದುಪಡಿಗೆ ಅಪ್ಡೇಟ್ ಎನ್ನುತ್ತಾರೆ. ಅದು ನಿಂತ ಮೇಲೂ ಫೋನ್ ನಡೆಯುತ್ತದೆ, ಆದರೆ ಬಾಗಿಲಿಗೆ ಚಿಲಕವಿಲ್ಲ. ಕೆಲವು ವರ್ಷ ಕಳೆದರೆ ಬ್ಯಾಂಕಿನ ಆ್ಯಪ್ ಅದರಲ್ಲಿ ತೆರೆಯುವುದೇ ಇಲ್ಲ. ಈ ವಿಷಯದಲ್ಲಿ ಐಫೋನ್ ಬಹುಕಾಲ ಮುಂದಿತ್ತು. 2015ರಲ್ಲಿ ಬಂದ ಐಫೋನ್ 6ಎಸ್ 2022ರವರೆಗೆ ಹೊಸ ಆವೃತ್ತಿಗಳನ್ನು ಪಡೆಯಿತು. ಆ್ಯಂಡ್ರಾಯ್ಡಿನಲ್ಲಿ ತಿದ್ದುಪಡಿ ಗೂಗಲ್ಲಿನಿಂದ ಫೋನ್ ತಯಾರಕನ ಕೈಗೆ ಹೋಗಿ, ಅಲ್ಲಿಂದ ನಮಗೆ ಬರಬೇಕು. ಅಗ್ಗದ ಫೋನುಗಳಿಗೆ ಎರಡು ಮೂರು ವರ್ಷದಲ್ಲೇ ಅದು ನಿಲ್ಲುವುದುಂಟು. ಆದರೆ ಕಾಲ ಬದಲಾಗುತ್ತಿದೆ. ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ 2023ರಲ್ಲಿ, ಸ್ಯಾಮ್ಸಂಗ್ ತನ್ನ ಎಸ್24ಕ್ಕೆ 2024ರಲ್ಲಿ 7 ವರ್ಷದ ಮಾತು ಕೊಟ್ಟವು. ಅದೇ 2024ರಲ್ಲಿ ಬಂದ, ಸುಮಾರು 19,000 ರೂಪಾಯಿಯ ಸ್ಯಾಮ್ಸಂಗ್ ಎ16 5ಜಿಗೂ 6 ವರ್ಷದ ಮಾತಿದೆ.

ಈಗ ಲೆಕ್ಕ ಹಾಕಿ. 10,000 ರೂಪಾಯಿಯ ಫೋನಿಗೆ 2 ವರ್ಷದ ತಿದ್ದುಪಡಿ ಎಂದರೆ ವರ್ಷಕ್ಕೆ 5,000. ಸುಮಾರು 19,000ದ ಫೋನಿಗೆ 6 ವರ್ಷವಾದರೆ ವರ್ಷಕ್ಕೆ 3,200ರಷ್ಟು. 2025ರ ಫೆಬ್ರವರಿಯಲ್ಲಿ 59,900 ರೂಪಾಯಿಗೆ ಬಂದ ಐಫೋನ್ 16ಇ ಕೂಡ 6ಎಸ್‌ನಂತೆ 7 ವರ್ಷ ನಡೆಯಿತೆಂದುಕೊಂಡರೂ ವರ್ಷಕ್ಕೆ 8,600ರಷ್ಟು. ಎಲ್ಲಕ್ಕಿಂತ ಅಗ್ಗದ್ದು ಅಗ್ಗವಲ್ಲ, ಎಲ್ಲಕ್ಕಿಂತ ದುಬಾರಿಯದ್ದು ನಮಗೆ ಲಾಭವೂ ಅಲ್ಲ. ಕಂತಿನಲ್ಲಿ ಕೊಂಡರೆ ಬಡ್ಡಿ, ಶುಲ್ಕಗಳನ್ನೂ ಕೂಡಿಸಿ, ನಿಮ್ಮ ಒಂದು ದಿನದ ಕೂಲಿಯಿಂದ ಭಾಗಿಸಿ ನೋಡಿ. ಎಷ್ಟು ದಿನದ ಎಲೆ ಕೊಯ್ಲು ಆ ಒಂದು ಡಬ್ಬಿಯೊಳಗೆ ಹೋಯಿತೆಂದು ಗೊತ್ತಾಗುತ್ತದೆ.

ಮೂರನೆಯದು ಬಾಗಿಲು ಕಾಯುವ ರೀತಿ. ನಮ್ಮ ದೇಶದಲ್ಲಿ ಐಫೋನಿಗೆ ಆ್ಯಪ್ ಬರಬೇಕಾದರೆ ಆ್ಯಪಲ್ ಅಂಗಡಿಯೊಂದೇ ಸಾಮಾನ್ಯ ದಾರಿ. ಆ್ಯಂಡ್ರಾಯ್ಡಿಗೆ ಪ್ಲೇ ಸ್ಟೋರ್ ಇದ್ದರೂ ಹೊರಗಿನಿಂದಲೂ ಹಾಕಿಕೊಳ್ಳಬಹುದು. ಸ್ವಾತಂತ್ರ್ಯ ಒಳ್ಳೆಯದೇ, ಆದರೆ ಅದೇ ದಾರಿಯಲ್ಲಿ ಕಳ್ಳನೂ ಬರುತ್ತಾನೆ. ಮದುವೆ ಕರೆಯೋಲೆ ಎಂದು ವಾಟ್ಸಾಪಿನಲ್ಲಿ ಎ.ಪಿ.ಕೆ. ಎಂಬ ಕಡತ ಕಳಿಸಿ ಬ್ಯಾಂಕಿನ ಹಣ ದೋಚುವ ಮೋಸದ ಬಗ್ಗೆ 2024ರಿಂದ ಪೊಲೀಸರು ಎಚ್ಚರಿಸುತ್ತಿದ್ದಾರೆ. ಕರೆಯೋಲೆ ಚಿತ್ರವಾಗಿ ಬರುತ್ತದೆ, ಆ್ಯಪಾಗಿ ಬರುವುದಿಲ್ಲ. ಇಷ್ಟು ನೆನಪಿದ್ದರೆ ಸಾಕು.

ಇದಕ್ಕಿಂತ ದೊಡ್ಡ ಬಲೆ ಸಾಲದ ಆ್ಯಪುಗಳದು. ಐದು ನಿಮಿಷದಲ್ಲಿ ಹಣ ಕೊಡುತ್ತೇವೆಂದು, ಫೋನಿನ ನಂಬರುಗಳನ್ನೂ ಫೋಟೋಗಳನ್ನೂ ನೋಡಲು ಅಪ್ಪಣೆ ಕೇಳುತ್ತವೆ. ಕಂತು ತಪ್ಪಿದರೆ ನೆಂಟರಿಗೆಲ್ಲ ಫೋನ್ ಮಾಡಿ ಮಾನ ಕಳೆಯುತ್ತವೆ. ಇದಕ್ಕೆ ಹೆದರಿ ಜೀವ ಕಳೆದುಕೊಂಡವರೂ ಈ ದೇಶದಲ್ಲಿದ್ದಾರೆ. ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದಂತೆ ಸಾಲದ ಆ್ಯಪು ನಮ್ಮ ನಂಬರುಗಳ ಪಟ್ಟಿಯನ್ನು ಮುಟ್ಟುವಂತಿಲ್ಲ. ಗೂಗಲ್ ಸಹ 2023ರ ಮೇ ಕೊನೆಯಿಂದ ಪ್ಲೇ ಸ್ಟೋರಿನ ಸಾಲದ ಆ್ಯಪುಗಳಿಗೆ ನಂಬರು, ಫೋಟೋಗಳ ಪ್ರವೇಶವನ್ನು ನಿಷೇಧಿಸಿತು. ಹಾಗಿದ್ದೂ ಅಪ್ಪಣೆ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಐಫೋನ್ 2024ರಿಂದ ಎಲ್ಲ ನಂಬರುಗಳ ಬದಲು ನಾವು ಆರಿಸಿದ ಕೆಲವನ್ನು ಮಾತ್ರ ತೋರಿಸುವ ಅವಕಾಶ ಕೊಟ್ಟಿದೆ. ಅದು ಒಳ್ಳೆಯ ಗುಣ. ಆದರೆ ಯಾವ ವ್ಯವಸ್ಥೆಯೂ ನಾವೇ ಬಾಯಿಬಿಟ್ಟು ಹೇಳಿದ ಓ.ಟಿ.ಪಿ.ಯನ್ನು ಕಾಯಲಾರದು. ಹಣ ಹೋದ ಕೂಡಲೇ 1930 ನಂಬರಿಗೆ ಫೋನ್ ಮಾಡಿ. ನಾಚಿಕೆಯಿಂದ ಒಂದು ದಿನ ಕಳೆದರೂ ಹಣ ಕೈಮೀರುತ್ತದೆ.

ನಾಲ್ಕನೆಯದು ಹಳೆಯ ಫೋನ್ ಕೊಳ್ಳುವ ವಿಷಯ. ಹೊಸ ಐಫೋನಿಗೆ ಕೈ ಎಟುಕದ ಯುವಕರು ಹಳೆಯದನ್ನು ಹುಡುಕುತ್ತಾರೆ. ಕದ್ದ ಫೋನ್ ಪ್ರಯೋಜನವಾಗದಂತೆ ಐಫೋನಿಗೆ 2013ರಿಂದ, ಆ್ಯಂಡ್ರಾಯ್ಡಿಗೆ 2015ರಿಂದ ಬೀಗವಿದೆ. ಹಿಂದಿನ ಒಡೆಯನು ತನ್ನ ಖಾತೆಯನ್ನು ನಿಮ್ಮೆದುರೇ ತೆಗೆದು ಕೊಡದಿದ್ದರೆ ಕೊಳ್ಳಬೇಡಿ. ಎಷ್ಟು ವರ್ಷದ ತಿದ್ದುಪಡಿ ಉಳಿದಿದೆ ಎಂದೂ ಕೇಳಿ. ನಿಮ್ಮ ಫೋನಿನಲ್ಲಿ *#06# ಒತ್ತಿದರೆ ಬರುವ 15 ಅಂಕಿಯ ಸಂಖ್ಯೆಯನ್ನು ಕುಟುಂಬದ ಬೈಬಲ್ಲಿನ ಹಿಂದೆಯೋ ಪಡಿತರ ಚೀಟಿಯ ಜೊತೆಗೋ ಬರೆದಿಡಿ. ಫೋನ್ ಕಳೆದರೆ ಪೊಲೀಸ್ ದೂರಿನೊಂದಿಗೆ ಸರ್ಕಾರದ ಸಂಚಾರ ಸಾಥಿ ಜಾಲದಲ್ಲಿ ಅದನ್ನು ಕೊಟ್ಟು ಫೋನನ್ನು ತಡೆಹಿಡಿಸಬಹುದು.

ಕೊನೆಗೊಂದು ಮಾತು. ಐಫೋನ್ ಕೈಯಲ್ಲಿದ್ದರೆ ಪೇಟೆಯಲ್ಲಿ ನಮ್ಮನ್ನು ತೋಟದವರೆಂದು ಕೀಳಾಗಿ ನೋಡುವುದಿಲ್ಲ ಎನ್ನುವ ಯುವಕರಿದ್ದಾರೆ. ಅವರ ನೋವು ನಿಜವಾದದ್ದು. ಅದನ್ನು ನಗಬಾರದು. ಆದರೆ ಆ ಫೋನನ್ನು ಜೋಡಿಸುವವರೂ ನಮ್ಮಂಥವರೇ. 2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು ಸರಿಯಾಗಿ ಸಂಬಳ ಸಿಗಲಿಲ್ಲವೆಂದು ಸಿಡಿದೆದ್ದರು. 2021ರ ಡಿಸೆಂಬರಿನಲ್ಲಿ ಶ್ರೀಪೆರಂಬುದೂರಿನ ಕಾರ್ಖಾನೆಯ ಹೆಣ್ಣುಮಕ್ಕಳು ಹಾಸ್ಟೆಲಿನ ಕೆಟ್ಟ ಊಟದಿಂದ ಕಾಯಿಲೆ ಬಿದ್ದು ರಸ್ತೆಗಿಳಿದರು. ಫೋನಿನ ಹೆಸರು ಅದನ್ನು ಮಾಡಿದ ಕೈಗಳಿಗೇ ಗೌರವ ತರಲಿಲ್ಲ. ಕೊಂಡ ಕೈಗೆ ಹೇಗೆ ತಂದೀತು? ಒಗ್ಗಟ್ಟಿನಿಂದ ಪಡೆದ ಕೂಲಿ, ಸಾಲವಿಲ್ಲದ ಮನೆ, ಓದಿದ ಮಗಳು, ಇವು ತರುವ ಗೌರವವನ್ನು ಯಾವ ಕಂತೂ ತರದು.

ಹಾಗಾದರೆ ನಾವು ಹೇಳುವುದೇನು? ಭದ್ರತೆ ಮತ್ತು ಬಾಳಿಕೆಯಲ್ಲಿ ಐಫೋನ್ ಒಳ್ಳೆಯದು. ಬೆಲೆ, ಕನ್ನಡ, ಪೇಟೆಯಲ್ಲಿ ರಿಪೇರಿ, ಇವುಗಳಲ್ಲಿ ಆ್ಯಂಡ್ರಾಯ್ಡ್ ನಮಗೆ ಹೊಂದುತ್ತದೆ. ಅದರಲ್ಲಿಯೂ ಹೆಚ್ಚು ವರ್ಷದ ತಿದ್ದುಪಡಿಗೆ ಬರಹದಲ್ಲಿ ಮಾತು ಕೊಟ್ಟದ್ದನ್ನೇ, ಕೈಯಲ್ಲಿರುವ ಹಣಕ್ಕೆ ಕೊಳ್ಳಿ. ಬಟನ್ ಫೋನ್ ಸಾಕೆನ್ನುವ ಹಿರಿಯರು ಅದನ್ನೇ ಇಟ್ಟುಕೊಳ್ಳಲಿ. ಅದರಲ್ಲಿಯೂ ಯು.ಪಿ.ಐ. ಮೂಲಕ ಹಣ ಕಳಿಸಬಹುದು. ಮಗಳ ಶಾಲಾ ಶುಲ್ಕ ಕಟ್ಟುವ ಮೊದಲು ಬೋನಸ್ಸನ್ನು ಅಂಗಡಿಗೆ ಕೊಡಬೇಡಿ. ಫೋನಿಗಾಗಿ ಸಾಲ ಮಾಡಬೇಡಿ, ಫೋನಿನ ಮೂಲಕವೂ ಸಾಲ ಮಾಡಬೇಡಿ. ಸಂದೇಹ ಬಂದರೆ ಕಂತಿನ ಕಾಗದಕ್ಕೆ ಸಹಿ ಹಾಕುವ ಮೊದಲು ಯೂನಿಯನ್ ಕಚೇರಿಗೆ ತನ್ನಿ. ಕೂಡಿ ಓದೋಣ.

ನಮ್ಮ ದುಡಿಮೆಯನ್ನೂ ನಮ್ಮ ವಿವೇಕವನ್ನೂ ದೇವರು ಆಶೀರ್ವದಿಸಲಿ.