ಜಿಲ್ಲೆ ಬದಲಾಯ್ತು, ಲೋಕಲ್ ಆಗಲಿಲ್ಲ

ಹೋದ ವಾರ ಕೋಠಿಯ ಹಳೇ ಪುಸ್ತಕದಂಗಡೀಲಿ ಒಂದು ಶಾಲಾ ಅಟ್ಲಾಸ್ ಸಿಕ್ತು. ಅದರಲ್ಲಿ ತೆಲಂಗಾಣಕ್ಕೆ ಬರೀ 10 ಜಿಲ್ಲೆ! 2016ರ ದಸರಾ ದಿನ ಅವು 31 ಆದವು. 2019ರಲ್ಲಿ ಮುಲುಗು, ನಾರಾಯಣಪೇಟೆ ಸೇರಿ 33.

ನನ್ನ ರೂಮ್‌ಮೇಟ್ ಕೃಷ್ಣಾ ಮಂಡಲದವನು, ಮನೆಮಾತು ಕನ್ನಡ. ಮೊದಲು ಮಹಬೂಬ್‌ನಗರ ಜಿಲ್ಲೆ, ಈಗ ನಾರಾಯಣಪೇಟೆ. ಕಲೆಕ್ಟರ್ ಕಚೇರಿ ಹತ್ತಿರ ಬಂತು ಅಂತ ಮನೇಲಿ ಖುಷಿ. ಆದ್ರೆ ಇಲ್ಲಿ ಸರ್ಕಾರಿ ಕೆಲಸಕ್ಕೆ ನೀವು ‘ಲೋಕಲ್’ ಹೌದೋ ಅಲ್ವೋ ಅನ್ನೋದನ್ನ, ಏಳನೇ ಕ್ಲಾಸಿನವರೆಗೆ ಹೆಚ್ಚು ವರ್ಷ ಎಲ್ಲಿ ಓದಿದ್ರಿ ಅಂತ ನೋಡಿ ತೀರ್ಮಾನಿಸ್ತಾರೆ. ಇವನು ಓದಿದ್ದು ಹೊಳೆಯಾಚೆ, ರಾಯಚೂರಿನ ಕನ್ನಡ ಶಾಲೆಯಲ್ಲಿ. 1956ರವರೆಗೆ ಎರಡೂ ದಡ ಹೈದರಾಬಾದ್ ರಾಜ್ಯವೇ, ನೋಡಿ. ಈಗ ಜಿಲ್ಲೆ ಬದಲಾದ್ರೂ ಇವನು ನಾನ್‌ಲೋಕಲ್ಲೇ. ಕೊನೆಗೆ ನಮ್ಮ ಹಾಗೆ ಐಟಿಗೆ ಬಂದ.